ಕಿಟೆಲ್ ಇದ್ದ ಊರಲ್ಲಿ ಕಂಡ ಕಲ್ಲಿನ ಮನುಷ್ಯ: ಯಾರಿಗಾದರೂ ಈ ಸಿಲ್ಶರ್ ಗೊತ್ತಾ?

ನೆಕ್ಕರ್ ಪಯಣಿಗ
ಹೋದ ತಿಂಗಳು ಜರ್ಮನಿಯ ಟ್ಯೂಬಿಂಗೆನ್‌ಗೆ ಹೋಗಿದ್ದೆ. ಹೋದದ್ದು ಕಿಟೆಲ್ ನೆಪದಲ್ಲಿ. ನಮ್ಮ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಲ್ಲೇ ಅಲ್ವಾ, ಒಮ್ಮೆ ನೋಡೋಣ ಅಂತ.

ಊರ ಮಧ್ಯೆ ನೆಕ್ಕರ್ ನದಿ. ನದಿಯೊಳಗೆ ಉದ್ದಕ್ಕೆ ಒಂದು ದ್ವೀಪ, ಅದರ ತುಂಬ ದೊಡ್ಡ ದೊಡ್ಡ ಮರಗಳ ಸಾಲು. ನಡೆದುಕೊಂಡು ಹೋದರೆ ಒಂದು ಭಾರೀ ಕಲ್ಲಿನ ಸ್ಮಾರಕ ಸಿಗುತ್ತದೆ. ಮುಂದಿನಿಂದ ನೋಡಿದರೆ ಒಬ್ಬ ಸಂಗೀತಗಾರ. ಸುಮ್ನೆ ಹಿಂದಕ್ಕೆ ಸುತ್ತಿ ಬಂದೆ, ಅಲ್ಲಿ ಅವನ ಬೆನ್ನಿಗೆ ಅಂಟಿಕೊಂಡ ಹಾಗೆ ಬೇರೆ ಜನ. ಅವರಲ್ಲಿ ಸೈನಿಕರೂ ಇದ್ದಾರೆ! ಸಂಗೀತಗಾರನ ಬೆನ್ನ ಹಿಂದೆ ಸಿಪಾಯಿಗಳು ಯಾಕೆ?

ಹೆಸರು ಫ್ರೀಡ್ರಿಶ್ ಸಿಲ್ಶರ್. 1789–1860. ಹಾಡುಗಾರರ ಮೇಳ ಕಟ್ಟಿದವನು, ಹಾಡು ಮಾಡಿದವನು ಅಂತ ಅಲ್ಲೇ ಕೂತಿದ್ದ ಒಬ್ಬ ಮುದುಕರು ಹೇಳಿದರು. ನನಗೆ ಗೊತ್ತಿಲ್ಲ ಅಂದಿದ್ದಕ್ಕೆ ಅವರು ಒಂದು ಟ್ಯೂನ್ ಶಿಳ್ಳೆ ಹಾಕಿದರು. ಅದು ನನಗೆ ಗೊತ್ತಿತ್ತು! ನಮ್ಮಪ್ಪ ಎಲ್ವಿಸ್ ಕ್ಯಾಸೆಟ್‌ನಲ್ಲಿ ಕೇಳುತ್ತಿದ್ದ ಹಾಡು. ಇದು ಹೇಗೆ? ಈ ಮನುಷ್ಯನ ಬಗ್ಗೆ ಗೊತ್ತಿರುವವರು ಸ್ವಲ್ಪ ಹೇಳಿ. ಕಿಟೆಲ್ ಇವನ ಹಾಡು ಕೇಳಿರಬಹುದಾ?

ತುಂಗಾತೀರ
ಸಿಲ್ಚರ್ ಅಸ್ಸಾಂನಲ್ಲಿದೆ ಸಾರ್ 😄

ಹಳೇ ಕ್ಯಾಸೆಟ್
ಆ ಹಾಡು 'ವುಡನ್ ಹಾರ್ಟ್'. 1960ರ 'ಜಿ.ಐ. ಬ್ಲೂಸ್' ಸಿನಿಮಾದ್ದು. ಎಲ್ವಿಸ್ ಅಮೆರಿಕದ ಸೈನ್ಯದಲ್ಲಿದ್ದು ಜರ್ಮನಿಯಲ್ಲಿ ಡ್ಯೂಟಿ ಮಾಡಿ ಬಂದ ಮೇಲೆ ತೆಗೆದ ಸಿನಿಮಾ. ಗೊಂಬೆಯಾಟದ ಪರದೆ ಮುಂದೆ ನಿಂತು ಒಂದು ಗೊಂಬೆಗೆ ಹಾಡುತ್ತಾನೆ. ನಡುವೆ ಕೆಲವು ಸಾಲು ಜರ್ಮನ್‌ನಲ್ಲೇ ಹಾಡುತ್ತಾನೆ. 'ಮುಸ್ ಇ ಡೆನ್' ಅಂತ ಶುರು. ಇಂಗ್ಲೆಂಡಿನಲ್ಲಿ 1961ರಲ್ಲಿ ಅದು ನಂಬರ್ ಒನ್ ಆಗಿತ್ತು. ಇದಕ್ಕೂ ಆ ಕಲ್ಲಿನ ಮನುಷ್ಯನಿಗೂ ಸಂಬಂಧ ಇದೆ ಅಂತ ನನಗೂ ಇವತ್ತೇ ಗೊತ್ತಾಗಿದ್ದು.

ಸ್ಟುಟ್‌ಗಾರ್ಟ್ ಸೊಸೆ
ನಾನು ಇಲ್ಲಿಯ ಸೊಸೆ, ಹದಿನಾಲ್ಕು ವರ್ಷ ಆಯಿತು. ಈ ವಿಷಯದಲ್ಲಿ ನನಗೆ ಮನೆಯಲ್ಲೇ ಟ್ಯೂಷನ್ ಆಗಿದೆ, ಅತ್ತೆಯಿಂದ.

'ಮುಸ್ ಇ ಡೆನ್' ಸ್ವಾಬಿಯಾದ ಹಾಡು. ಅಂದರೆ ಸ್ಟುಟ್‌ಗಾರ್ಟ್, ಟ್ಯೂಬಿಂಗೆನ್ ಕಡೆಯ ಆಡುಮಾತಿನದು. ಊರು ಬಿಟ್ಟು ದುಡಿಯಲು ಹೊರಟ ಹುಡುಗ ತನ್ನ ಹುಡುಗಿಗೆ ಹೇಳುವುದು: ನಾನು ಈ ಪುಟ್ಟ ಊರು ಬಿಟ್ಟು ಹೋಗಲೇಬೇಕು, ನೀನು ಇಲ್ಲೇ ಇರುತ್ತೀಯ, ತಿರುಗಿ ಬಂದಾಗ ನಿನ್ನ ಹತ್ತಿರವೇ ಬರುತ್ತೇನೆ. 'ಷ್ಟೆಟೆಲೆ' ಅಂತ ಒಂದು ಮಾತು ಬರುತ್ತದೆ, ಪುಟ್ಟ ಪಟ್ಟಣ ಅಂತ. ಇಲ್ಲಿಯವರು ಪ್ರೀತಿ ಬಂದರೆ ಎಲ್ಲದಕ್ಕೂ 'ಲೆ' ಸೇರಿಸುತ್ತಾರೆ. ಮನೆಗೂ ಲೆ, ಬೆಕ್ಕಿಗೂ ಲೆ.

ಮೊದಲ ಚರಣ ಜನರ ಬಾಯಲ್ಲಿ ಇದ್ದದ್ದು. ಉಳಿದ ಎರಡು ಚರಣ ಹೈನ್‌ರಿಶ್ ವಾಗ್ನರ್ ಅನ್ನುವವರು 1824ರಲ್ಲಿ ಬರೆದರು. (ಒಪೆರಾದ ವಾಗ್ನರ್ ಬೇರೆ, ಗಲಾಟೆ ಬೇಡ.) ಸಿಲ್ಶರ್ ಅದನ್ನು ನಾಲ್ಕು ಗಂಡು ದನಿಗೆ ಹೊಂದಿಸಿ 1827ರಲ್ಲಿ ಅಚ್ಚು ಮಾಡಿಸಿದರು. ಆಮೇಲೆ ಅದು ಇಡೀ ಜರ್ಮನಿಯ ಬೀಳ್ಕೊಡುಗೆ ಹಾಡಾಯಿತು. ಅಮೆರಿಕಕ್ಕೆ ಹೊರಟ ಹಡಗು ದಡ ಬಿಡುವಾಗ ಬ್ಯಾಂಡಿನವರು ಬಾರಿಸುತ್ತಿದ್ದದ್ದು ಇದನ್ನೇ.

ಉಚ್ಚಾರಣೆ ಬಗ್ಗೆ: ಪುಸ್ತಕದ ಜರ್ಮನ್‌ನಲ್ಲಿ 'ಜಿಲ್ಶರ್' ಅನ್ನಬೇಕು. ಇಲ್ಲಿಯವರ ಬಾಯಲ್ಲಿ 'ಸಿಲ್ಶರ್' ಅಂತಲೇ ಕೇಳಿಸುತ್ತದೆ. ಸಿಲ್ಚರ್ ಅಂತೂ ಅಲ್ಲ.

ಕಡತದ ಹುಳ
ಮೂಲ ಪ್ರಶ್ನೆಗೆ ಬರೋಣ.

> ಕಿಟೆಲ್ ಇವನ ಹಾಡು ಕೇಳಿರಬಹುದಾ?

ಹಾಡು ಕೇಳದೆ ಇರಲು ಸಾಧ್ಯವೇ ಇಲ್ಲ, ಆ ಕಾಲದ ಜರ್ಮನಿಯಲ್ಲಿ ಎಲ್ಲ ಕಡೆ ಅದೇ. ಆದರೆ ಟ್ಯೂಬಿಂಗೆನ್‌ನಲ್ಲಿ ಇಬ್ಬರೂ ಮುಖಾಮುಖಿ ಆಗಿರಬಹುದು ಅಂತ ಯೋಚಿಸಿದ್ದರೆ ಅದು ತಪ್ಪು. ಕಿಟೆಲ್ ಉತ್ತರದ ಕಡಲ ಕಡೆಯವರು, ಓದಿದ್ದು ಬಾಸೆಲ್‌ನಲ್ಲಿ, 1853ಕ್ಕೇ ನಮ್ಮ ಕಡೆ ಬಂದರು. ಟ್ಯೂಬಿಂಗೆನ್‌ನಲ್ಲಿ ನೆಲೆಸಿದ್ದು ಮುಪ್ಪಿನಲ್ಲಿ. ಅಷ್ಟು ಹೊತ್ತಿಗೆ ಸಿಲ್ಶರ್ ಸತ್ತು ಎಷ್ಟೋ ವರ್ಷ ಆಗಿತ್ತು.

ನಿಜವಾದ ಕೊಂಡಿ ಬೇಕಾದರೆ ಕಿಟೆಲ್ ಬಿಡಿ, ಮೋಗ್ಲಿಂಗ್ ಹಿಡಿಯಿರಿ. 'ಮಂಗಳೂರು ಸಮಾಚಾರ' ತಂದ ಹೆರ್ಮನ್ ಮೋಗ್ಲಿಂಗ್. ಅವರು ಓದಿದ್ದು ಟ್ಯೂಬಿಂಗೆನ್‌ನ ಸ್ಟಿಫ್ಟ್‌ನಲ್ಲಿ. ಪಾದ್ರಿಗಳಾಗುವವರು ಅಲ್ಲೇ ಉಳಿದು, ಅಲ್ಲೇ ಉಂಡು ಓದುವ ಹಳೆಯ ವಿದ್ಯಾಲಯ ಅದು. ಮಲಯಾಳಂ ನಿಘಂಟಿನ ಗುಂಡರ್ಟ್ ಕೂಡ ಅಲ್ಲಿಯವರೇ. ಇಬ್ಬರೂ ಅಲ್ಲಿದ್ದದ್ದು 1830ರ ಆಚೀಚೆ. ಸಿಲ್ಶರ್ 1817ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಮೊದಲ ಸಂಗೀತ ನಿರ್ದೇಶಕ ಆದರು. ಸ್ಟಿಫ್ಟ್‌ನ ಸಂಗೀತವೂ ಅವರ ಕೈಯಲ್ಲೇ ಇತ್ತು. ಸಾಯುವ ವರ್ಷದವರೆಗೂ ಆ ಊರು ಬಿಡಲಿಲ್ಲ.

ಕುಡ್ಲದ ಟೆನರ್
ಅಂದರೆ ಮೋಗ್ಲಿಂಗ್ ಸಿಲ್ಶರ್ ಶಿಷ್ಯ! ನಾಳೆಯೇ ನಮ್ಮ ಕ್ವಾಯರ್ ಗ್ರೂಪಿಗೆ ಹಾಕುತ್ತೇನೆ.

ಕಡತದ ಹುಳ
ದಯವಿಟ್ಟು ಹಾಕಬೇಡಿ. ಒಂದೇ ಛಾವಣಿಯ ಕೆಳಗೆ ಇದ್ದರು ಅಂತ ನಾನು ಹೇಳಿದ್ದು. ಶಿಷ್ಯ ಅಂತ ನೀವು ಹೇಳಿದ್ದು. ಎರಡರ ನಡುವೆ ತುಂಬ ದೂರ ಇದೆ. ವಾಟ್ಸಾಪ್‌ನಲ್ಲಿ ಅದು ನಾಳೆ 'ಸಿಲ್ಶರ್ ಮಂಗಳೂರಿಗೆ ಬಂದಿದ್ದರು' ಆಗುತ್ತದೆ.

ಕುಡ್ಲದ ಟೆನರ್
ಹಾಕಿ ಆಯ್ತು 🙈 ಅಳಿಸುತ್ತೇನೆ.

ಮೇಷ್ಟ್ರ ಮಗಳು
ಅವರ ಬಾಲ್ಯದ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಇಷ್ಟ ಆದದ್ದು ಅದೇ ಭಾಗ, ಕಾರಣ ನನ್ನ ಹೆಸರು ನೋಡಿ.

ಸಿಲ್ಶರ್ ಹುಟ್ಟಿದ್ದು ಶ್ನೈಟ್ ಅನ್ನುವ ಹಳ್ಳಿಯಲ್ಲಿ, ಅದೂ ಶಾಲೆಯ ಕಟ್ಟಡದಲ್ಲೇ. ಅಪ್ಪ ಹಳ್ಳಿ ಮೇಷ್ಟ್ರು. ಹುಡುಗ ಚಿಕ್ಕವನಿದ್ದಾಗಲೇ ಅಪ್ಪ ಹೋಗಿಬಿಟ್ಟರು. ತಾಯಿ ಇನ್ನೊಂದು ಮದುವೆಯಾದರು, ಆ ಗಂಡನೂ ಮೇಷ್ಟ್ರು! ಹುಡುಗ ಬೇರೆ ಏನು ಆಗಲು ಸಾಧ್ಯ? ಹದಿನಾಲ್ಕರ ಹೊತ್ತಿಗೆ ಅವನೂ ಮೇಷ್ಟ್ರ ಕೆಲಸ ಕಲಿಯಲು ಹೋದ. ಆಗಿನ ಹಳ್ಳಿ ಮೇಷ್ಟ್ರು ಅಂದರೆ ಪಾಠವಷ್ಟೇ ಅಲ್ಲ. ಚರ್ಚಿನಲ್ಲಿ ಆರ್ಗನ್ ನುಡಿಸುವುದು, ಮಕ್ಕಳಿಗೆ ಹಾಡು ಕಲಿಸುವುದು ಎಲ್ಲ ಅವರ ತಲೆಗೇ. ಫೆಲ್‌ಬಾಕ್‌ನಲ್ಲಿ ಆವ್‌ಬರ್ಲೆನ್ ಅನ್ನುವ ಮೇಷ್ಟ್ರ ಹತ್ತಿರ ಸಂಗೀತ ಗಟ್ಟಿಯಾಯಿತು.

ಆಮೇಲೆ ಮನೆಪಾಠ, ಆಮೇಲೆ ಲುಡ್‌ವಿಗ್ಸ್‌ಬುರ್ಗ್‌ನಲ್ಲಿ ಹೆಣ್ಣುಮಕ್ಕಳ ಶಾಲೆ. ಅಲ್ಲಿ ಸಂಯೋಜಕ ಕಾರ್ಲ್ ಮಾರಿಯಾ ಫಾನ್ ವೇಬರ್ ಪರಿಚಯ ಆಯಿತು. ವೇಬರ್ ಕೂಡ ಆಗ ಇನ್ನೂ ಹುಡುಗನೇ, ಸಿಲ್ಶರ್‌ಗಿಂತ ಮೂರೇ ವರ್ಷ ದೊಡ್ಡವರು. ಸಂಗೀತವನ್ನೇ ಹಿಡಿ ಅಂತ ಧೈರ್ಯ ಕೊಟ್ಟವರು ಅವರು. 1815ರಲ್ಲಿ ಸಿಲ್ಶರ್ ಸ್ಟುಟ್‌ಗಾರ್ಟ್‌ಗೆ ಹೋಗಿ ಕ್ರೊಯ್ಟ್ಸರ್, ಹುಮ್ಮೆಲ್ ಹತ್ತಿರ ಕಲಿತರು. ಎರಡೇ ವರ್ಷದಲ್ಲಿ ಟ್ಯೂಬಿಂಗೆನ್ ಕೆಲಸ ಸಿಕ್ಕಿತು. ಇಪ್ಪತ್ತೆಂಟು ವಯಸ್ಸು.

ಕೊನೆಗೂ ಅವರು ಮೇಷ್ಟ್ರೇ. ಹಾಡಲು ಬಾರದವರ ಕೈಲಿ ಹಾಡಿಸುವುದು ಅವರ ಕೆಲಸ.

ಸ್ಟುಟ್‌ಗಾರ್ಟ್ ಸೊಸೆ
ಶ್ನೈಟ್ ನಮ್ಮ ಮನೆಯಿಂದ ಹತ್ತಿರವೇ. ಸುತ್ತ ದ್ರಾಕ್ಷಿ ತೋಟದ ಗುಡ್ಡಗಳು. ಆ ಶಾಲೆ ಮನೆಯನ್ನೇ 1912ರಲ್ಲಿ ಮ್ಯೂಸಿಯಂ ಮಾಡಿದರು. ಮೊದಲ ಸಲ ಅತ್ತೆ ಕರೆದುಕೊಂಡು ಹೋದಾಗ ಬಾಗಿಲು ಹಾಕಿತ್ತು. ಅತ್ತೆ ಮೆಟ್ಟಿಲ ಮೇಲೆ ನಿಂತು ಎರಡು ಚರಣ ಹಾಡಿ, 'ಬಂದಿದ್ದಕ್ಕೆ ಇಷ್ಟಾದರೂ ಆಯಿತು' ಅಂತ ಕಾರ್ ಹತ್ತಿದರು. ನನಗೆ ಆಗ ನಾಚಿಕೆಯಾಗಿ ಆಚೆ ಕಡೆ ನೋಡುತ್ತಾ ನಿಂತಿದ್ದೆ.

ಅಡ್ಡಗಾಲು
ಎಲ್ಲರೂ ಹೊಗಳಿ ಆಯಿತಾ? ನಾನು ಸ್ವಲ್ಪ ಬೈಯುತ್ತೇನೆ.

ಈ ಮನುಷ್ಯ ಸಂಯೋಜಕ ಅನ್ನುವುದೇ ನನಗೆ ಅನುಮಾನ. ಜನ ಹಾಡುತ್ತಿದ್ದ ಹಾಡು ತೆಗೆದುಕೊಂಡ, ಉಬ್ಬುತಗ್ಗು ಸವರಿದ, ನಾಲ್ಕು ದನಿಗೆ ಹಂಚಿದ, ಪುಸ್ತಕ ಮಾರಿದ. ಅಷ್ಟೇ.

ಉದಾಹರಣೆ ಬೇಕಾ? ಶೂಬರ್ಟ್‌ನ 'ಲಿಂಡೆನ್‌ಬೌಮ್' ಕೇಳಿ, ಬಾವಿ ಹತ್ತಿರದ ಮರದ ಹಾಡು. ಶೂಬರ್ಟ್ ಮೊದಲು ಸಮಾಧಾನವಾಗಿ ಹಾಡಿಸುತ್ತಾನೆ. ಎರಡನೇ ಸಲ ಅದೇ ರಾಗ ಇದ್ದಕ್ಕಿದ್ದಂತೆ ದುಃಖದ ಛಾಯೆಯ ಮೈನರ್‌ಗೆ ತಿರುಗಿ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತದೆ. ಆಮೇಲೆ ಮುಖಕ್ಕೆ ಚಳಿಗಾಳಿ ಬೀಸಿ ತಲೆಯ ಟೋಪಿ ಹಾರಿಹೋಗುವ ಜಾಗ. ಅಲ್ಲಿ ಪಿಯಾನೋ ಹುಚ್ಚು ಹಿಡಿದ ಹಾಗೆ ಓಡುತ್ತದೆ. ಸಿಲ್ಶರ್ 1846ರಲ್ಲಿ ಏನು ಮಾಡಿದ? ಮೊದಲ ಚರಣದ ಚೆಂದದ ರಾಗ ಮಾತ್ರ ಇಟ್ಟುಕೊಂಡ. ಟೋಪಿ ಹಾರುವುದಕ್ಕೂ ಅದೇ ರಾಗ, ಮರದ ನೆರಳಿಗೂ ಅದೇ ರಾಗ. ಚಳಿಗಾಳಿಗೆ ಸ್ವೆಟರ್ ಹಾಕಿಬಿಟ್ಟ!

ಧಾರವಾಡ ಪೇಡೆ
ಸ್ವೆಟರ್ ಮಾತಿಗೆ ನಕ್ಕೆ ರೀ. ಆದರೆ ಒಂದು ಕೇಳುತ್ತೇನೆ. ಶೂಬರ್ಟ್ ಹಾಡಿಗೆ ಪಳಗಿದ ಒಬ್ಬ ಗಾಯಕ ಬೇಕು, ಪಿಯಾನೋ ಬೇಕು, ಅದನ್ನು ನುಡಿಸುವವರು ಬೇಕು. ಸಿಲ್ಶರ್ ಹಾಡಿಗೆ ಏನು ಬೇಕು? ನಾಲ್ಕು ಜನ ಮತ್ತು ಒಂದು ಸಂಜೆ. ಬಡಗಿ, ಬೇಕರಿಯವನು, ಗುಮಾಸ್ತ, ವಿದ್ಯಾರ್ಥಿ. ಇವರಿಗೆ ಶೂಬರ್ಟ್ ಟೋಪಿ ತೊಡಿಸಿದರೆ ನಿಲ್ಲುತ್ತಿತ್ತಾ?

ಅಡ್ಡಗಾಲು
ಬೇಕರಿಯವನಿಗೆ ಒಳ್ಳೆಯ ಸಂಗೀತ ಅರ್ಥ ಆಗುವುದಿಲ್ಲ ಅಂತ ಯಾರು ಹೇಳಿದರು?

ಧಾರವಾಡ ಪೇಡೆ
ಅರ್ಥ ಆಗುವುದಿಲ್ಲ ಅಂದೆನಾ? ಹಾಡಲು ಆಗುವುದಿಲ್ಲ ಅಂದೆ. ಕೇಳುವುದು ಬೇರೆ, ಹಾಡುವುದು ಬೇರೆ.

ಸ್ವರಲಿಪಿ
ಅಡ್ಡಗಾಲು ಅವರ ಲಿಂಡೆನ್‌ಬೌಮ್ ಮಾತು ಸರಿ, ನಾನೂ ಅದನ್ನು ಕ್ಷಮಿಸುವುದಿಲ್ಲ. ಆದರೆ 'ಸಂಯೋಜಕನೇ ಅಲ್ಲ' ಅನ್ನುವುದು ತಪ್ಪು. 'ಲೋರೆಲೈ' ರಾಗ ಪೂರ್ತಿ ಸಿಲ್ಶರ್ ಅವರದ್ದೇ, 1837ರದ್ದು. ಪದ್ಯ ಜರ್ಮನ್ ಕವಿ ಹೈನೆಯದು, 1824ರದ್ದು.

ಅದನ್ನು ಸ್ವಲ್ಪ ಬಿಚ್ಚಿ ನೋಡಿ. ಹೈನೆಯ ಪದ್ಯದಲ್ಲಿ ನಾಲ್ಕು ಸಾಲಿನ ಆರು ಚರಣ. ಸಿಲ್ಶರ್ ಎರಡೆರಡು ಚರಣ ಸೇರಿಸಿ ಒಂದು ಸುತ್ತು ಮಾಡಿದರು, ಹಾಗಾಗಿ ಒಟ್ಟು ಮೂರು ಸುತ್ತು. ತಾಳ ಆರೆಂಟು. ಒಂದು-ಎರಡು-ಮೂರು, ನಾಲ್ಕು-ಐದು-ಆರು ಅಂತ ಎಣಿಸಿದರೆ ದೋಣಿ ಆ ಕಡೆ ಈ ಕಡೆ ತೂಗಿದ ಹಾಗೆ. ಪದ್ಯದಲ್ಲಿ ಇರುವುದೂ ದೋಣಿಯವನೇ. ರೈನ್ ನದಿಯ ಬಂಡೆ ಮೇಲೆ ಕೂತು ಚಿನ್ನದ ಕೂದಲು ಬಾಚುವ ಹೆಣ್ಣು, ಅವಳ ಹಾಡಿಗೆ ಮೈಮರೆತು ಬಂಡೆಗೆ ಬಡಿದು ಮುಳುಗುವ ದೋಣಿಯವನು. ಸುತ್ತಿನ ಕೊನೆಯ ಭಾಗದಲ್ಲಿ, ಸಂಜೆ ಬಿಸಿಲಿಗೆ ಬೆಟ್ಟದ ತುದಿ ಹೊಳೆಯುತ್ತದೆ ಅನ್ನುವ ಕಡೆ, ರಾಗ ಎಲ್ಲಕ್ಕಿಂತ ಮೇಲಕ್ಕೆ ಏರುತ್ತದೆ. ಅಲ್ಲಿಂದ ನಿಧಾನಕ್ಕೆ ಇಳಿಯುತ್ತದೆ.

ಇದೇ ಪದ್ಯಕ್ಕೆ ಲಿಸ್ಟ್ 1841ರಲ್ಲಿ ಸಂಗೀತ ಮಾಡಿದ. ಕ್ಲಾರಾ ಶೂಮನ್ 1843ರಲ್ಲಿ ಮಾಡಿದರು. ಇಬ್ಬರೂ ದೊಡ್ಡವರು. ಕ್ಲಾರಾ ಅವರದ್ದರಲ್ಲಿ ಪಿಯಾನೋ ಬಡಿತ ಕೇಳಿದರೆ ನೀರಿಗೆ ಬಿದ್ದ ಹಾಗೇ ಆಗುತ್ತದೆ. ಆದರೆ ರೈನ್ ದೋಣಿಯಲ್ಲಿ ಹೋಗುವ ಜನ ಹಾಡುವುದು ಯಾರದ್ದು? ಸಿಲ್ಶರ್‌ದು. ಜಪಾನಿನಲ್ಲೂ 1909ರಲ್ಲಿ ಜಪಾನಿ ಭಾಷೆಯ ಪದ ಹೊಂದಿಸಿ ಇದೇ ರಾಗ ಹಾಡಿದರು.

ಹಳೇ ಕ್ಯಾಸೆಟ್
ಲೋರೆಲೈ ಹಳೆಯ ಜಾನಪದ ಕಥೆ ಅಲ್ವಾ? ಸಾವಿರಾರು ವರ್ಷದ್ದು ಅಂತ ಟೂರ್ ಗೈಡ್ ಹೇಳಿದ್ದ.

ಕಡತದ ಹುಳ
ಟೂರ್ ಗೈಡ್‌ಗಳನ್ನು ನಂಬಬೇಡಿ. ಬಂಡೆ ಹಳೆಯದು, ಅಲ್ಲಿ ಮಾತು ಪ್ರತಿಧ್ವನಿಸುವುದೂ ಹಳೆಯ ಸಂಗತಿ. ಹೆಣ್ಣಿನ ಕಥೆ ಕ್ಲೆಮೆನ್ಸ್ ಬ್ರೆಂಟಾನೊ ಅನ್ನುವ ಕವಿ 1801ರಲ್ಲಿ ಕಟ್ಟಿದ್ದು. ಹೈನೆ 'ಹಳೇ ಕಾಲದ ಒಂದು ಕಥೆ' ಅಂತ ಬರೆದಾಗ ಅದಕ್ಕೆ ಇಪ್ಪತ್ತು ಚಿಲ್ಲರೆ ವರ್ಷ ಅಷ್ಟೇ. ಸಿಲ್ಶರ್ ರಾಗವೂ ಸೇರಿದ ಮೇಲೆ ಎಲ್ಲರೂ ಅಜ್ಜಿ ಕಥೆ ಅಂತಲೇ ನಂಬಿದರು.

ತುಂಗಾತೀರ
ಹಿಟ್ಲರ್ ಕಾಲದಲ್ಲಿ ಹೈನೆ ಯಹೂದಿ ಅಂತ ಅವನ ಹೆಸರು ತೆಗೆದು 'ಕವಿ ಅಜ್ಞಾತ' ಅಂತ ಅಚ್ಚು ಹಾಕುತ್ತಿದ್ದರಂತೆ. ಹಾಡು ಬಿಡಲು ಮನಸ್ಸಿಲ್ಲ, ಹೆಸರು ಹೇಳಲು ಮನಸ್ಸಿಲ್ಲ.

ಕಡತದ ಹುಳ
ಇದು ಎಲ್ಲ ಕಡೆ ಓಡಾಡುವ ಕಥೆ. ಆದರೆ ಹುಡುಕಿದ ವಿದ್ವಾಂಸರಿಗೆ ಆ ಕಾಲದ ಅಂಥ ಪುಸ್ತಕ ಕೈಗೆ ಸಿಕ್ಕಿಲ್ಲ. ಹೈನೆ ಪುಸ್ತಕಗಳನ್ನು ಅವರು ಬೆಂಕಿಗೆ ಹಾಕಿದ್ದು ಮಾತ್ರ ಖಂಡಿತ ನಿಜ.

ತುಂಗಾತೀರ
ನೀವು ಇರುವ ಕಡೆ ಒಂದು ಒಳ್ಳೆಯ ಕಥೆ ಹೇಳಲು ಬಿಡುವುದಿಲ್ಲ.

ನೆಕ್ಕರ್ ಪಯಣಿಗ
ಎಲ್ಲ ಸರಿ, ನನ್ನ ಸಿಪಾಯಿಗಳ ಪ್ರಶ್ನೆಗೆ ಉತ್ತರ ಬರಲಿಲ್ಲ!

ಕಡತದ ಹುಳ
ಹಾಂ, ಕ್ಷಮಿಸಿ. ಉತ್ತರ ಎರಡು ಭಾಗದಲ್ಲಿದೆ.

ಒಂದು, ಹಾಡು. 'ಇಶ್ ಹಾಟ್ ಐನೆನ್ ಕಾಮರಾಡೆನ್', ಅಂದರೆ ನನಗೊಬ್ಬ ಜೊತೆಗಾರ ಇದ್ದ. ಪದ್ಯ ಬರೆದದ್ದು ಟ್ಯೂಬಿಂಗೆನ್‌ನವರೇ ಆದ ಲುಡ್‌ವಿಗ್ ಉಲಾಂಡ್, 1809ರಲ್ಲಿ. ಯುದ್ಧದಲ್ಲಿ ಇಬ್ಬರು ಒಟ್ಟಿಗೆ ಹೆಜ್ಜೆ ಹಾಕುತ್ತಿದ್ದಾರೆ. ಗುಂಡು ಹಾರಿ ಬರುತ್ತದೆ, ಅದು ನನಗೋ ನಿನಗೋ? ಜೊತೆಗಾರನಿಗೆ ತಗಲುತ್ತದೆ. ಅವನು ಕೈ ಚಾಚುತ್ತಾನೆ, ಇವನು ಬಂದೂಕಿಗೆ ಮದ್ದು ತುಂಬುತ್ತಿದ್ದಾನೆ, ಕೈ ಕೊಡಲು ಆಗುವುದಿಲ್ಲ. ಅಷ್ಟೇ ಹಾಡು. ಶತ್ರುವಿನ ಹೆಸರಿಲ್ಲ, ಗೆದ್ದೆವು ಅಂತ ಇಲ್ಲ. ಸಿಲ್ಶರ್ 1825ರಲ್ಲಿ ಒಂದು ಸ್ವಿಸ್ ಜನಪದ ರಾಗವನ್ನು ತಿದ್ದಿ ಇದಕ್ಕೆ ಕೂರಿಸಿದರು. ಇವತ್ತಿಗೂ ಜರ್ಮನ್ ಸೈನಿಕರ ಶವಸಂಸ್ಕಾರದಲ್ಲಿ ತುತ್ತೂರಿಯಲ್ಲಿ ನುಡಿಸುವುದು ಇದನ್ನೇ.

ಎರಡು, ಸ್ಮಾರಕ. ಅದು ನಿಂತದ್ದು 1941ರಲ್ಲಿ. ಇಸವಿ ನೋಡಿದರೆ ಅರ್ಥ ಆಗುತ್ತದೆ. ನಾತ್ಸಿಗಳಿಗೆ ತಮ್ಮ ಯುದ್ಧಕ್ಕೆ ಒಬ್ಬ ಜನಪ್ರಿಯ ಹಾಡಿನವನು ಬೇಕಿತ್ತು, ಸತ್ತು ಎಂಬತ್ತು ವರ್ಷ ಆದವನು ಬೇಡ ಅನ್ನಲು ಆಗುತ್ತದಾ? ಹಾಗಾಗಿ ಬೆನ್ನ ಹಿಂದೆ ಸಿಪಾಯಿಗಳು. ಆ ಕಲ್ಲನ್ನು ಏನು ಮಾಡಬೇಕು ಅಂತ ಊರಿನಲ್ಲಿ ಜಗಳ ನಡೆಯುತ್ತಲೇ ಬಂದಿದೆ.

ಸ್ಟುಟ್‌ಗಾರ್ಟ್ ಸೊಸೆ
ನಮ್ಮ ಮನೆಯಲ್ಲಿ ಈ ಹಾಡು ಹಾಡುವುದಿಲ್ಲ. ಅತ್ತೆಯ ಅಪ್ಪ ಯುದ್ಧದಿಂದ ವಾಪಸ್ ಬರಲಿಲ್ಲ. ಟಿವಿಯಲ್ಲಿ ಬಂದರೆ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ನಾನು ಸೌಂಡ್ ಕಮ್ಮಿ ಮಾಡುತ್ತೇನೆ.

ಮೇಷ್ಟ್ರ ಮಗಳು
🙏

ಅಡ್ಡಗಾಲು
ಇದಕ್ಕೆ ಸಿಲ್ಶರ್ ಮೇಲೆ ತಪ್ಪು ಹೊರಿಸುವುದಿಲ್ಲ. ಆದರೂ ಒಂದು ಮಾತು. ಗಂಡಸರ ಮೇಳ, ದೇಶದ ಹಾಡು, ಬಿಯರು, ಬಾವುಟ. ಇದೆಲ್ಲ ಮೊದಲಿಂದಲೂ ಆ ದಾರಿಯಲ್ಲೇ ಇತ್ತು ಅನ್ನಿಸುವುದಿಲ್ಲವಾ?

ಸ್ವರಲಿಪಿ
ಮೊದಲಿಂದಲೂ ಅಲ್ಲ. 1819ರಲ್ಲಿ ಕಾರ್ಲ್ಸ್‌ಬಾಡ್ ಆಜ್ಞೆ ಬಂತು. ವಿದ್ಯಾರ್ಥಿ ಸಂಘಗಳಿಗೆ ನಿಷೇಧ, ಪತ್ರಿಕೆಗಳಿಗೆ ಸೆನ್ಸಾರ್. ನಾಲ್ಕು ಜನ ಸೇರಿದರೆ ಪೊಲೀಸರಿಗೆ ಅನುಮಾನ. ಅಂಥ ಕಾಲದಲ್ಲಿ ಜನ ಒಟ್ಟಿಗೆ ಕೂರಲು ಉಳಿದ ಒಂದು ನೆಪ ಹಾಡು. 1827ರಲ್ಲಿ ಪ್ಲೋಖಿಂಗೆನ್‌ನಲ್ಲಿ ಊರೂರಿನ ಮೇಳಗಳು ಸೇರಿ ಹಾಡಿನ ಹಬ್ಬ ಮಾಡಿದವು. ಸಿಲ್ಶರ್ 1829ರಲ್ಲಿ ಟ್ಯೂಬಿಂಗೆನ್ ವಿದ್ಯಾರ್ಥಿಗಳ ಹಾಡಿನ ಮೇಳ 'ಲೀಡರ್‌ಟಾಫೆಲ್' ಶುರು ಮಾಡಿದರು. ಸಾಯುವವರೆಗೆ, ಮೂವತ್ತು ವರ್ಷಕ್ಕೂ ಜಾಸ್ತಿ, ಅದನ್ನು ನಡೆಸಿದರು. ಆಗ ಅದರ ಮನಸ್ಸು ಉದಾರವಾದದ್ದೇ. ಕುಲ, ಪದವಿ ನೋಡದೆ ಟೆನರ್ (ಗಂಡಸರ ಮೇಲಿನ ದನಿಯವನು) ಪಕ್ಕ ಟೆನರ್ ನಿಲ್ಲುವುದು.

ಬಾವುಟ ದೊಡ್ಡದಾದದ್ದು ಆಮೇಲೆ. ಇಡೀ ಜರ್ಮನಿಯ ಹಾಡುಗಾರರ ಒಕ್ಕೂಟ ಆದದ್ದು 1862ರಲ್ಲಿ, ಆಗ ಸಿಲ್ಶರ್ ಇರಲಿಲ್ಲ.

ಧಾರವಾಡ ಪೇಡೆ
ಹೆಂಗಸರು ಎಲ್ಲಿದ್ದರು ಈ ಕಥೆಯಲ್ಲಿ? ಎಲ್ಲರೂ ಗಂಡಸರೇ ಹಾಡಿಕೊಂಡು ಕೂತರೆ ಮನೆಯಲ್ಲಿ ಅಡುಗೆ ಯಾರು ಮಾಡಿದರು?

ಸ್ವರಲಿಪಿ
ಒಳ್ಳೆಯ ಪ್ರಶ್ನೆ. ಲೀಡರ್‌ಟಾಫೆಲ್‌ನಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ. ಸಿಲ್ಶರ್ 1839ರಲ್ಲಿ ಬೇರೆ ಒಂದು ಒರೆಟೋರಿಯೊ (ದೊಡ್ಡ ಧಾರ್ಮಿಕ ಗಾಯನ ಕೃತಿ) ಮೇಳ ಕಟ್ಟಿದರು, ದೊಡ್ಡ ಕೃತಿಗಳಿಗೆ ಸೊಪ್ರಾನೊ, ಆಲ್ಟೊ ಅನ್ನುವ ಹೆಣ್ಣು ದನಿಗಳು ಬೇಕಲ್ಲ. ಮಕ್ಕಳಿಗೂ ಹಾಡು ಮಾಡಿದ್ದಾರೆ. ಕ್ರಿಸ್‌ಮಸ್‌ಗೆ ಜರ್ಮನ್ ಮಕ್ಕಳೆಲ್ಲ ಹಾಡುವ 'ಆಲೆ ಯಾರೆ ವೀಡರ್' ರಾಗ 1842ರ ಅವರ ಪುಸ್ತಕದ್ದು. ಅದೇ ವರ್ಷದ ಇನ್ನೊಂದು ಮಕ್ಕಳ ರಾಗ ತಮಾಷೆ ನೋಡಿ. ಮಲಗುವ ಹೊತ್ತಿನ ಹಾಡಿಗೆ ಮಾಡಿದ್ದು. ಆಮೇಲೆ ಯೂಲಿ ಹೌಸ್‌ಮನ್ ಅವರ 'ಜೋ ನಿಮ್ ಡೆನ್ ಮೈನೆ ಹೆಂಡೆ', ನನ್ನ ಕೈ ಹಿಡಿದು ನಡೆಸು ಅನ್ನುವ ಪ್ರಾರ್ಥನೆಗೆ ಅದೇ ರಾಗ ಅಂಟಿಕೊಂಡಿತು. ಈಗ ಅದು ಸಾವಿನ ಮನೆಯ ಹಾಡು. ಜೋಗುಳ ಹೋಗಿ ಚರಮಗೀತೆ.

ಕುಡ್ಲದ ಟೆನರ್
ಈಗ ನಾನು ಮಾತಾಡಬಹುದಾ? ಶಿಷ್ಯ ಅನ್ನುವುದಿಲ್ಲ, ಆಣೆ.

ನಮ್ಮದು ಹಳೆಯ ಬಾಸೆಲ್ ಮಿಶನ್ ಕಾಲದ ಸಭೆ. ಸಣ್ಣವನಿದ್ದಾಗಿನಿಂದ ನಾಲ್ಕು ದನಿಯಲ್ಲಿ ಹಾಡಿದವರು ನಾವು. ಪದ ಕನ್ನಡ, ಟ್ಯೂನ್ ಜರ್ಮನ್. ಟೆನರ್ ಅಂದರೆ ಏನು ಕಷ್ಟ ಅಂತ ಹಾಡಿದವರಿಗೇ ಗೊತ್ತು. ಸೊಪ್ರಾನೊದವರಿಗೆ ರಾಗ ಇರುತ್ತದೆ, ಊರವರೆಲ್ಲ ಅವರ ಜೊತೆ ಹಾಡುತ್ತಾರೆ. ಬಾಸ್‌ನವರಿಗೆ ಕೆಳಗೆ ಗಟ್ಟಿ ನೆಲ ಇರುತ್ತದೆ. ಟೆನರ್‌ಗೆ ಸಿಗುವುದು ನಡುವಿನ ಸಂದು. ಒಂದೇ ಸ್ವರದ ಮೇಲೆ ನಾಲ್ಕು ಅಕ್ಷರ ಹೇಳಿ, ಐದನೆಯದಕ್ಕೆ ಅರ್ಧ ಮನೆ ಮೇಲೆ ಹೋಗಿ, ಮತ್ತೆ ಬಂದು ಕೂರಬೇಕು. ಒಬ್ಬನೇ ಹಾಡಿದರೆ ಅದು ಹಾಡೇ ಅಲ್ಲ, ಯಾರೋ ಗೊಣಗುತ್ತಿದ್ದ ಹಾಗೆ. ನನ್ನ ಹೆಂಡತಿ ಮೊದಲ ಸಲ ನಾನು ಮನೆಯಲ್ಲಿ ಪ್ರಾಕ್ಟೀಸ್ ಮಾಡುವುದು ಕೇಳಿ 'ಟ್ಯೂನ್ ಮರೆತು ಹೋಗಿದೆಯಾ?' ಅಂದಿದ್ದಳು.

ಸಿಲ್ಶರ್ ಪುಸ್ತಕದ ಗಂಡಸರ ಮೇಳದಲ್ಲಿ ರಾಗ ಹೆಚ್ಚಾಗಿ ಮೊದಲ ಟೆನರ್‌ಗೇ ಅಂತ ಈಗ ತಿಳಿಯಿತು. ತಪ್ಪು ಶತಮಾನದಲ್ಲಿ ಹುಟ್ಟಿದೆ.

ಕಡತದ ಹುಳ
ಇಲ್ಲಿ ಕಿಟೆಲ್ ಮತ್ತೆ ಬರುತ್ತಾರೆ, ಈ ಸಲ ಸರಿಯಾದ ಕಾರಣಕ್ಕೆ. ಜರ್ಮನ್ ಟ್ಯೂನಿಗೆ ಕನ್ನಡ ಪದ ಹೊಂದಿಸಿದರೆ ಸಾಲದು, ಇಲ್ಲಿಯ ಜನರ ಧಾಟಿಯಲ್ಲೇ ಹೇಳಬೇಕು ಅನ್ನುವ ಕಡೆ ಅವರ ಮನಸ್ಸಿತ್ತು. 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಬರೆದರು. ಮುಂದೆ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ ಅಚ್ಚು ಮಾಡಿಸಿದ್ದೂ ಅವರೇ.

ಕುಡ್ಲದ ಟೆನರ್
ಅವರು ಹಾಗೆ ಮಾಡಿದ್ದು ದೊಡ್ಡದು, ಒಪ್ಪಿದೆ. ಆದರೆ ನಾಲ್ಕು ದನಿ ನನಗೆ ಪರದೇಶದ್ದು ಅಂತ ಯಾವತ್ತೂ ಅನ್ನಿಸಿಲ್ಲ. ನನ್ನ ಅಜ್ಜ ಬಾಸ್, ಅಪ್ಪ ಬಾಸ್. ನನ್ನ ದನಿ ಮಾತ್ರ ಸಣ್ಣಗಾಯಿತು, ಅದು ಮನೆಯಲ್ಲಿ ಇವತ್ತಿಗೂ ಚರ್ಚೆ.

ಅಡ್ಡಗಾಲು
ಸರಿ, ನನ್ನ ಕಥೆಯನ್ನೂ ಹೇಳುತ್ತೇನೆ, ಯಾಕೆ ಸಿಲ್ಶರ್ ಮೇಲೆ ಸಿಟ್ಟು ಅಂತ. ಹೊರದೇಶದಲ್ಲಿ ಓದುವಾಗ ಒಂದು ಮೇಳಕ್ಕೆ ಸೇರಿದ್ದೆ. ಯಾವುದು ಅಂತ ಬೇಡ. ಮೇಳ ನಡೆಸುವವರು ಒಂದು ವರ್ಷ ಬರೀ ಸಿಲ್ಶರ್ ಹಾಡಿಸಿದರು. ಕಾರಣ ಕೇಳಿದರೆ 'ನಿಮಗೆ ಇಷ್ಟೇ ಸಾಕು' ಅಂದರು. 'ನಿಮಗೆ' ಅಂದಾಗ ನನ್ನ ಕಡೆಯೇ ನೋಡಿದರು. ಅವತ್ತಿನಿಂದ ಆ ಹೆಸರು ಕಂಡರೆ ಆಗುವುದಿಲ್ಲ.

ಮೇಷ್ಟ್ರ ಮಗಳು
ಅದು ಸಿಲ್ಶರ್ ತಪ್ಪಲ್ಲ, ಆ ಮನುಷ್ಯನ ತಪ್ಪು. 'ಇಷ್ಟೇ ಸಾಕು' ಅಂತ ಕಲಿಸುವವರು ಮೇಷ್ಟ್ರೇ ಅಲ್ಲ.

ಅಡ್ಡಗಾಲು
ಗೊತ್ತು. ಆದರೂ ಲಿಂಡೆನ್‌ಬೌಮ್ ಕ್ಷಮಿಸುವುದಿಲ್ಲ.

ಹಳೇ ಕ್ಯಾಸೆಟ್
ಒಂದು ಅನುಮಾನ. ಇಷ್ಟು ಹಾಡು ಎಲ್ಲರ ಬಾಯಲ್ಲಿ ಇದೆ, ಹೆಸರು ಯಾಕೆ ಯಾರಿಗೂ ಗೊತ್ತಿಲ್ಲ? ಲಿಸ್ಟ್ ಗೊತ್ತು, ಶೂಬರ್ಟ್ ಗೊತ್ತು.

ಸ್ವರಲಿಪಿ
ಅವರೇ ಮಾಡಿಕೊಂಡದ್ದು ಸ್ವಲ್ಪ. 1826ರಿಂದ ಕೊನೆಯವರೆಗೆ ಹನ್ನೆರಡು ಪುಸ್ತಕ ತಂದರು, ಒಂದೊಂದರಲ್ಲಿ ಹನ್ನೆರಡು ಹಾಡು. ಎಲ್ಲದರ ಮೇಲೂ ಇದ್ದ ಹೆಸರು 'ಜನಪದ ಗೀತೆಗಳು'. ಕೇಳಿ ಬರೆದುಕೊಂಡದ್ದು, ತಿದ್ದಿದ್ದು, ತಾವೇ ಮಾಡಿದ್ದು, ಎಲ್ಲ ಒಂದೇ ಬುಟ್ಟಿಯಲ್ಲಿ. 'ಎನ್ಶೆನ್ ಫಾನ್ ಟಾರೌ' (ಟಾರೌ ಊರಿನ ಎನ್ಶೆನ್ ಅನ್ನುವ ಹುಡುಗಿಯ ಹಾಡು) ಪದ್ಯ ಹದಿನೇಳನೇ ಶತಮಾನದ್ದು, ರಾಗ 1827ರ ಸಿಲ್ಶರ್‌ದು. ಕೇಳಿದವರು ರಾಗವೂ ಇನ್ನೂರು ವರ್ಷ ಹಳೆಯದು ಅಂದುಕೊಳ್ಳುತ್ತಾರೆ. ಈಗಿನ ಲಿಥುವೇನಿಯಾದ ಕ್ಲೈಪೆಡದಲ್ಲಿ ಆ ಹುಡುಗಿಗೇ ಒಂದು ಪ್ರತಿಮೆ ಇದೆ.

ಬದುಕಿದ್ದಾಗ ಮರ್ಯಾದೆ ಇಲ್ಲದೆ ಏನಿರಲಿಲ್ಲ. 1852ರಲ್ಲಿ ಅದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಧಾರವಾಡ ಪೇಡೆ
ಕಿಟೆಲ್‌ಗೂ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್ ಅಲ್ವಾ? ನಿಘಂಟು ಬಂದ ಮೇಲೆ, 1896ರಲ್ಲಿ?

ಕಡತದ ಹುಳ
ಹೌದು. ಇದಕ್ಕೆ ನನ್ನ ತಕರಾರು ಏನೂ ಇಲ್ಲ.

ತುಂಗಾತೀರ
ದಾಖಲಾಗಲಿ: ಕಡತದ ಹುಳ ಮೊದಲ ಸಲ 'ಹೌದು' ಅಂದರು.

ನೆಕ್ಕರ್ ಪಯಣಿಗ
ಎಲ್ಲರಿಗೂ ಧನ್ಯವಾದ. ನದಿ ದಂಡೆಯಲ್ಲೇ ಹ್ಯೋಲ್ಡರ್ಲಿನ್ ಕವಿಯ ಹಳದಿ ಗೋಪುರ ಇದೆ. ಬುದ್ಧಿ ಕಲಕಿದ ಮೇಲೆ 1843ರವರೆಗೆ ಅವರು ಇದ್ದದ್ದು ಅಲ್ಲೇ. ಅಂದರೆ ಸಿಲ್ಶರ್ ಹುಡುಗರಿಗೆ ಹಾಡು ಕಲಿಸುವಾಗ, ಮೋಗ್ಲಿಂಗ್ ಓದುವಾಗ, ಆ ಕವಿ ಕಿಟಕಿಯಲ್ಲಿ ಕೂತಿದ್ದರು. ಎಲ್ಲ ಕಾಲ್ನಡಿಗೆಯ ದೂರ. ಗೊತ್ತಿದ್ದರೆ ಇನ್ನೊಂದು ದಿನ ಜಾಸ್ತಿ ಇರುತ್ತಿದ್ದೆ.

ಅಪ್ಪನಿಗೆ ಫೋನ್ ಮಾಡಿ ಎಲ್ವಿಸ್ ಹಾಡಿನ ಕಥೆ ಹೇಳಿದೆ. 'ಸುಳ್ಳು, ಅದು ಎಲ್ವಿಸ್ ಹಾಡೇ' ಅಂದರು. ಫೋನ್ ಇಟ್ಟರು.

ಕುಡ್ಲದ ಟೆನರ್
ಲೋರೆಲೈ ನೋಟ್ಸ್ ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ಗಂಡಸರ ನಾಲ್ಕು ದನಿಯದ್ದು ಬೇಕು. ನಮ್ಮಲ್ಲಿ ಮೊದಲ ಟೆನರ್ ನಾನು, ಎರಡನೇ ಟೆನರ್ ನನ್ನ ಭಾವ, ಮೊದಲ ಬಾಸ್ ಅಪ್ಪ. ಎರಡನೇ ಬಾಸ್‌ಗೆ ಜನ ಇಲ್ಲ.

ಅಡ್ಡಗಾಲು
ಮಂಗಳೂರಿನಲ್ಲಿ ಎಲ್ಲಿ? ನಾನು ಎರಡನೇ ಬಾಸ್.